ಗೆಲ್ಲುವವರಿಗೇ ಹಾಕೋದಾದರೆ ಪ್ರೈಮರಿ ಯಾಕೆ ಬೇಕಿತ್ತು?

ನ್ಯೂಯಾರ್ಕ್ ನಗರದಲ್ಲಿ ವೋಟು ಇರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿನ್ನೆ, 2025ರ ಜೂನ್ 14ರಿಂದ, ಮುಂಗಡ ಮತದಾನ ಶುರುವಾಗಿದೆ. 22ರವರೆಗೆ ಇರುತ್ತದೆ. ಆಮೇಲೆ 24ನೇ ತಾರೀಕು ಮಂಗಳವಾರ ಕೊನೆಯ ದಿನ. ಮೇಯರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದಿಂದ ನಿಲ್ಲೋದು ಯಾರು ಅನ್ನೋದು ಅವತ್ತು ತೀರ್ಮಾನ ಆಗುತ್ತದೆ, ಪ್ರೈಮರಿ ಅನ್ನೋದು ಇದಕ್ಕೇ. ನಾನು ನಿನ್ನೆಯೇ ಹೋಗಿ ಮೊದಲ ಆಯ್ಕೆಯಾಗಿ ರಾಜ್ಯ ಅಸೆಂಬ್ಲಿ ಸದಸ್ಯ ಜೋಹ್ರಾನ್ ಮಮ್ದಾನಿಗೆ ಹಾಕಿ ಬಂದೆ. ನೀವೂ ಹಾಕಿ ಅಂತ ಕೇಳೋಕೇ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಎರಡು ಮೂರು ತಿಂಗಳಿಂದ ನಮ್ಮವರ ಬಾಯಲ್ಲಿ ಒಂದೇ ಮಾತು ಕೇಳುತ್ತಿದ್ದೇನೆ. ವಾಟ್ಸಾಪ್ ಗುಂಪಿನಲ್ಲಿ, ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುವಾಗ, ಎಲ್ಲಾ ಕಡೆ. "ಹುಡುಗ ಒಳ್ಳೆಯವನೇ ಕಣಮ್ಮ, ಮಾತು ಚೆನ್ನಾಗಿದೆ, ಆದರೆ ಗೆಲ್ಲಲ್ಲ. ಸುಮ್ನೆ ವೋಟು ವೇಸ್ಟ್." ಬಾಡಿಗೆ ಏರಿಕೆ ತಡೆಯಬೇಕು ಅಂತಾರೆ ಅದು ತಪ್ಪು, ಬಸ್ ಫ್ರೀ ಮಾಡ್ತೀನಿ ಅಂತಾರೆ ಅದು ಸರಿಯಲ್ಲ ಅಂತ ವಾದ ಮಾಡಿದರೆ ಕೂತು ಮಾತಾಡಬಹುದು. ಇಲ್ಲಿ ಆ ವಾದವೇ ಇಲ್ಲ. ಅವರು ಹೇಳೋದೆಲ್ಲ ಸರಿ, ಆದರೆ ಗೆಲ್ಲಲ್ಲ, ಅದಕ್ಕೇ ಮಾಜಿ ಗವರ್ನರ್ ಕ್ಯೂಮೋಗೆ ಹಾಕೋಣ. ನನಗೆ ನಿಜಕ್ಕೂ ಸಂಕಟ ಆಗೋದು ಇದನ್ನು ಕೇಳಿದಾಗ.

ನಮ್ಮೂರಲ್ಲಿ ಚುನಾವಣೆಗೆ ಅಭ್ಯರ್ಥಿ ಹೇಗೆ ಬರುತ್ತಾರೆ ಅಂತ ನಮಗೆಲ್ಲ ಗೊತ್ತು. ಟಿಕೆಟ್ ಬೇಕು ಅನ್ನುವವರು ದೆಹಲಿಗೆ ಹೋಗಿ ಕೂರುತ್ತಾರೆ. ಪಟ್ಟಿ ಹೈಕಮಾಂಡ್‌ನಿಂದ ಬರುತ್ತದೆ. ಇಪ್ಪತ್ತು ವರ್ಷ ಪಕ್ಷದ ಬಾವುಟ ಕಟ್ಟಿದ ಕಾರ್ಯಕರ್ತ ಟಿವಿಯಲ್ಲಿ ತನ್ನ ಕ್ಷೇತ್ರದ ಹೆಸರು ನೋಡುವ ಹೊತ್ತಿಗೆ ಬಿ ಫಾರಂ ಇನ್ಯಾರದೋ ಕೈಯಲ್ಲಿ ಇರುತ್ತದೆ. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಯಾವುದೇ ಆಗಲಿ, ಅಭ್ಯರ್ಥಿ ಯಾರಿರಬೇಕು ಅಂತ ಸದಸ್ಯರ ವೋಟು ತಗೊಂಡು ತೀರ್ಮಾನ ಮಾಡೋದಿಲ್ಲ. ಇಲ್ಲಿ ಹಾಗಲ್ಲ. ಪಕ್ಷದಲ್ಲಿ ಹೆಸರು ನೋಂದಾಯಿಸಿರುವ ನಾನು, ನೀವು, ಕೆಳಗಿನ ಮನೆ ಅಜ್ಜಿ, ನಾವೇ ಹೈಕಮಾಂಡ್. ಈ ನಗರದಲ್ಲಿ ರಿಪಬ್ಲಿಕನ್ನರಿಗಿಂತ ಡೆಮಾಕ್ರಟರ ಸಂಖ್ಯೆ ಸುಮಾರು ಆರು ಪಟ್ಟು ಜಾಸ್ತಿ. ಹಾಗಾಗಿ ನವೆಂಬರ್‌ಗಿಂತ ಜೂನ್ ಚುನಾವಣೆಯೇ ಹೆಚ್ಚಿನ ಸಲ ಅಸಲಿ ಚುನಾವಣೆ. ಅಂಥ ಅಧಿಕಾರ ಕೈಗೆ ಸಿಕ್ಕಾಗಲೂ "ದೊಡ್ಡವರು ಯಾರಿಗೆ ಹೇಳಿದ್ದಾರೆ ನೋಡೋಣ" ಅಂದರೆ ಹೇಗೆ ಹೇಳಿ?

ಗೆಲ್ಲಲ್ಲ ಅನ್ನುವವರಿಗೆ ನಗರದ ಒಂದು ಭಾಗವಾದ ನಮ್ಮ ಕ್ವೀನ್ಸಿನದೇ ಕಥೆ ನೆನಪಿಸುತ್ತೇನೆ. 2018ರಲ್ಲಿ ಜೋ ಕ್ರೌಲಿ ಹತ್ತು ಸಲ ಗೆದ್ದ ಸಂಸದ, ಕ್ವೀನ್ಸ್ ಪಕ್ಷದ ಯಜಮಾನ. ಸ್ಪೀಕರ್ ಆಗುತ್ತಾರೆ ಅಂತ ಮಾತಿತ್ತು. 2004ರಿಂದ ಅವರ ಎದುರು ಪ್ರೈಮರಿಯಲ್ಲಿ ಒಬ್ಬರೂ ನಿಂತಿರಲಿಲ್ಲ. ಎದುರು ನಿಂತ ಅಲೆಕ್ಸಾಂಡ್ರಿಯಾ ಒಕಾಸಿಯೋ ಕಾರ್ಟೆಜ್‌ಗೆ ಆಗ 28 ವರ್ಷ, ಬಾರಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಒಂದು ಚರ್ಚೆಗೆ ಕ್ರೌಲಿ ತಾವು ಬರದೆ ತಮ್ಮ ಪರವಾಗಿ ಬೇರೆಯವರನ್ನು ಕಳಿಸಿದ್ದರು. ಫಲಿತಾಂಶ ಬಂದಾಗ ಆಕೆಗೆ ಶೇ 57ರಷ್ಟು ಮತ. ಅದರ ಮರುವರ್ಷ ಇದೇ ಕ್ವೀನ್ಸಿನಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು) ಹುದ್ದೆಯ ಪ್ರೈಮರಿಗೆ ನಿಂತ ಟಿಫನಿ ಕಬಾನ್, ಎಣಿಕೆ ಮರುಎಣಿಕೆ ಎಲ್ಲಾ ಆದ ಮೇಲೆ, ನೂರು ಮತವೂ ಇಲ್ಲದ ಅಂತರದಲ್ಲಿ ಸೋತರು. ನಮ್ಮ ಒಂದು ಅಪಾರ್ಟ್‌ಮೆಂಟಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದೇವೆ. ಗೆಲ್ಲಲ್ಲ ಅಂತ ಮನೆಯಲ್ಲಿ ಕೂತವರಿಂದಲೇ ಆ ಸೋಲು ಆಯಿತು ಅಂತ ನಾನು ಈಗಲೂ ನಂಬುತ್ತೇನೆ.

ಮಮ್ದಾನಿಯದೂ ಹಾಗೇ. ಈ ವರ್ಷದ ಶುರುವಿನಲ್ಲಿ ಸಮೀಕ್ಷೆಯಲ್ಲಿ ಅವರಿಗೆ ಬಂದಿದ್ದು ಶೇ 1. ಈಗ ಎರಡನೇ ಸ್ಥಾನದಲ್ಲಿದ್ದಾರೆ. ಬಹಳಷ್ಟು ಸಮೀಕ್ಷೆಗಳಲ್ಲಿ ಕ್ಯೂಮೋ ಇನ್ನೂ ಮುಂದೆ ಇದ್ದಾರೆ, ಅದನ್ನು ಮುಚ್ಚಿಡೋದಿಲ್ಲ. ಆದರೆ ಈ ಅಂತರ ತಾನಾಗಿ ಕಮ್ಮಿ ಆಗಿದ್ದಲ್ಲ. ಕೆಲಸ ಮುಗಿಸಿ ಸಂಜೆ ಹೊತ್ತು ಬಾಗಿಲು ತಟ್ಟುವ ಸಾವಿರಾರು ಜನ ಸಂಬಳ ಇಲ್ಲದೆ ಇದನ್ನು ಮಾಡಿದ್ದಾರೆ. ನಾನೂ ಅವರಲ್ಲಿ ಒಬ್ಬಳು.

ವುಡ್‌ಸೈಡ್ ಕಡೆ ಹೋದಾಗ ಒಂದು ಮನೆಯಲ್ಲಿ ಬಾಗಿಲು ತೆಗೆದವರು ಬಾಂಗ್ಲಾದೇಶದ ಹಿರಿಯರು, ಹಳದಿ ಟ್ಯಾಕ್ಸಿ ಓಡಿಸುತ್ತಾರೆ. ನಾನು ಕರಪತ್ರ ಚಾಚಿದೆ. ಅವರು ಫೋಟೋ ನೋಡಿದವರೇ "ಇವನು ನಮ್ಮ ಜೊತೆ ಊಟ ಬಿಟ್ಟವನು" ಅಂದರು, ಹಿಂದಿಯಲ್ಲಿ. ಫೋನ್ ತಂದು 2021ರ ಫೋಟೋಗಳನ್ನು ತೋರಿಸಿದರು. ಸಿಟಿ ಹಾಲ್ ಎದುರು ಫುಟ್‌ಪಾತಿನಲ್ಲಿ ಮಡಚುವ ಕುರ್ಚಿಗಳು, ಮೊಣಕಾಲಿನ ಮೇಲೆ ಕಂಬಳಿ, ಸುತ್ತ ಕೈಬರಹದ ಬೋರ್ಡುಗಳು. ಹೊಸಬರಿಗೆ ಈ ಕಥೆ ಗೊತ್ತಿರಲಿಕ್ಕಿಲ್ಲ. ಹಳದಿ ಟ್ಯಾಕ್ಸಿ ಓಡಿಸೋಕೆ ಮೆಡಾಲಿಯನ್ ಅಂತ ಒಂದು ಪರವಾನಗಿ ಬೇಕು. 2014ರ ಹೊತ್ತಿಗೆ ಅದರ ಬೆಲೆ 10 ಲಕ್ಷ ಡಾಲರ್ ದಾಟಿತ್ತು. ನಗರವೇ ಅದನ್ನು ಹರಾಜು ಹಾಕಿ, ಇದರಷ್ಟು ಒಳ್ಳೆಯ ಹೂಡಿಕೆ ಇಲ್ಲ ಅಂತ ಪ್ರಚಾರ ಮಾಡಿ ಮಾರಿತ್ತು. ಡ್ರೈವರುಗಳು ಸಾಲ ಮಾಡಿ ಕೊಂಡರು. ಊಬರ್ ಬಂತು, ಬೆಲೆ ನೆಲ ಕಚ್ಚಿತು, ಸಾಲ ಹಾಗೇ ಉಳಿಯಿತು. ಆತ್ಮಹತ್ಯೆಗಳಾದವು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಟ್ಯಾಕ್ಸಿ ವರ್ಕರ್ಸ್ ಅಲಯನ್ಸ್‌ನವರು ಉಪವಾಸ ಕೂತರು. ಆಗಷ್ಟೇ ರಾಜ್ಯ ಅಸೆಂಬ್ಲಿಗೆ ಗೆದ್ದಿದ್ದ ಮಮ್ದಾನಿ ಅವರ ಜೊತೆ 15 ದಿನ ಉಪವಾಸ ಇದ್ದರು. ನಗರ ಬಗ್ಗಿತು. ಸಾಲವನ್ನು 1 ಲಕ್ಷ 70 ಸಾವಿರ ಡಾಲರ್‌ಗೆ ಇಳಿಸಿ, ಅದಕ್ಕೆ ನಗರವೇ ಜಾಮೀನು ನಿಲ್ಲುವ ಒಪ್ಪಂದ ಆಯಿತು.

ಆ ಹಿರಿಯರು ನನ್ನನ್ನು ಹಾಗೇ ಕಳಿಸಲಿಲ್ಲ. ಒಳಗೆ ಕೂರಿಸಿ ಟೀ ಕೊಟ್ಟರು. ಮನೆಯಲ್ಲಿ ನಾಲ್ಕು ವೋಟು ಇದೆ, ಮೊದಲ ದಿನವೇ ಹಾಕುತ್ತೇವೆ ಅಂದರು.

ಈಗ ಬಾಡಿಗೆ ವಿಷಯ. ನಾನಿರುವುದು ರೆಂಟ್ ಸ್ಟೆಬಿಲೈಸ್ಡ್ ಮನೆಯಲ್ಲಿ, ಅಂದರೆ ಬಾಡಿಗೆ ಏರಿಕೆಗೆ ಮಿತಿ ಇರುವ ಮನೆಯಲ್ಲಿ. ಇಂಥ ಮನೆಗಳು ಈ ನಗರದಲ್ಲಿ ಸುಮಾರು 10 ಲಕ್ಷ ಇವೆ, ಸುಮಾರು 20 ಲಕ್ಷ ಜನ ಇದ್ದೇವೆ. ವರ್ಷ ಮುಗಿಯುವ ಮುಂಚೆ ಲೀಸ್ ನವೀಕರಣದ ಫಾರಂ ಬರುತ್ತದೆ. ಎರಡು ಸಾಲು, ಒಂದು ವರ್ಷಕ್ಕೆ ಇಷ್ಟು, ಎರಡು ವರ್ಷಕ್ಕೆ ಇಷ್ಟು. ಒಂದಕ್ಕೆ ಗುರುತು ಹಾಕಿ ಸಹಿ ಮಾಡಿ ವಾಪಸ್ ಕಳಿಸಬೇಕು. ಆ ಎರಡು ಸಾಲಿನ ಸಂಖ್ಯೆ ಎಲ್ಲಿಂದ ಬರುತ್ತದೆ? ರೆಂಟ್ ಗೈಡ್‌ಲೈನ್ಸ್ ಬೋರ್ಡ್‌ನಿಂದ. ಅದರಲ್ಲಿ ಒಂಬತ್ತು ಜನ, ಒಂಬತ್ತೂ ಜನರನ್ನು ನೇಮಿಸೋದು ಮೇಯರ್. ಡಿ ಬ್ಲಾಸಿಯೋ ಮೇಯರ್ ಆಗಿದ್ದಾಗ 2015, 2016, 2020, ಮೂರು ಸಲ ಒಂದು ವರ್ಷದ ಲೀಸ್‌ಗೆ ಸೊನ್ನೆ ಏರಿಕೆ ಮಾಡಿದ್ದರು. ಆಕಾಶ ಕಳಚಿ ಬೀಳಲಿಲ್ಲ. ಎರಿಕ್ ಆಡಮ್ಸ್ ಮೇಯರ್ ಆಗಿ ಬಂದ ಮೇಲೆ 2022ರಲ್ಲಿ ಶೇ 3.25, 2023ರಲ್ಲಿ ಶೇ 3, 2024ರಲ್ಲಿ ಶೇ 2.75. ಹಾಗಾಗಿ ಮಮ್ದಾನಿ ಬಾಡಿಗೆ ಏರಿಕೆ ನಿಲ್ಲಿಸುತ್ತೇನೆ ಅಂದಾಗ ಅದು ಗಾಳಿ ಮಾತಲ್ಲ. ಅದು ಮೇಯರ್ ಕೈಯಲ್ಲೇ ಇರುವ ಕೆಲಸ.

ಅವರ ಭರವಸೆಗಳೆಲ್ಲವೂ ಹಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 10 ಲಕ್ಷ ಡಾಲರ್ ದಾಟಿದ ಆದಾಯಕ್ಕೆ ಇನ್ನೂ ಶೇ 2 ತೆರಿಗೆ ಹಾಕಬೇಕು ಅಂದರೆ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಶಾಸಕರು, ಗವರ್ನರ್ ಒಪ್ಪಬೇಕು. ಬಸ್ ನಡೆಸೋದು ಎಂಟಿಎ, ಅದೂ ರಾಜ್ಯದ್ದು. ಆರು ವಾರದ ಮಗುವಿನಿಂದ ಐದು ವರ್ಷದವರೆಗೆ ಉಚಿತ ಚೈಲ್ಡ್‌ಕೇರ್ ಅಂದರೆ ದೊಡ್ಡ ದುಡ್ಡು. ಇವೆಲ್ಲ ಒಂದೇ ವರ್ಷಕ್ಕೆ ಆಗೋದಿಲ್ಲ, ಕೆಲವು ಆಗದೆಯೂ ಹೋಗಬಹುದು. ಆದರೆ ಬಸ್ ವಿಷಯದಲ್ಲಿ ಅವರು ಬರೀ ಭಾಷಣ ಮಾಡಿದವರಲ್ಲ. ಅಸೆಂಬ್ಲಿ ಸದಸ್ಯರಾಗಿ ಹಟ ಹಿಡಿದು ಬರೋಗೆ (ನಗರದ ಐದು ಭಾಗಗಳಿಗೆ) ಒಂದರಂತೆ ಐದು ರೂಟುಗಳಲ್ಲಿ ಒಂದು ವರ್ಷದ ಹತ್ತಿರ ಉಚಿತ ಬಸ್ ಓಡಿಸಿ ತೋರಿಸಿದರು. 2025ರ ಬಸ್ ದರವಾದ 2.90 ಡಾಲರ್ ನಮ್ಮಲ್ಲಿ ಕೆಲವರಿಗೆ ಏನೂ ಅಲ್ಲದೆ ಇರಬಹುದು. ದಿನಕ್ಕೆ ಎರಡು ಮನೆ ಕ್ಲೀನಿಂಗ್ ಮಾಡುವ ಹೆಂಗಸಿಗೆ ಅದು ಲೆಕ್ಕಕ್ಕೆ ಬರುವ ದುಡ್ಡು.

ಇನ್ನು ದುಡ್ಡಿನ ವಿಷಯಕ್ಕೆ ಬರೋಣ, ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಈ ನಗರದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ನಗರದ ನಿವಾಸಿ ಸಣ್ಣ ದೇಣಿಗೆ ಕೊಟ್ಟರೆ ಅದಕ್ಕೆ ಎಂಟು ಪಟ್ಟು ಸಾರ್ವಜನಿಕ ನಿಧಿಯಿಂದ ಸೇರಿಸುತ್ತಾರೆ. ನಾನು 10 ಡಾಲರ್ ಕೊಟ್ಟರೆ ಅಭ್ಯರ್ಥಿಗೆ ಸೇರೋದು 90. ಮಮ್ದಾನಿಗೆ ಇಂಥ ಸಣ್ಣ ದೇಣಿಗೆ ಎಷ್ಟು ಬಂತು ಅಂದರೆ ಮಾರ್ಚ್‌ನಲ್ಲೇ ಖರ್ಚಿನ ಮಿತಿ ಮುಟ್ಟಿ, "ಇನ್ನು ದುಡ್ಡು ಕಳಿಸಬೇಡಿ, ಬಂದು ಬಾಗಿಲು ತಟ್ಟಿ" ಅಂತ ವಿಡಿಯೋ ಹಾಕಿದರು. ದುಡ್ಡು ಸಾಕು ಅಂದ ರಾಜಕಾರಣಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಆ ಕಡೆ ಕ್ಯೂಮೋ ಪರ ಇರುವ ಸೂಪರ್ ಪ್ಯಾಕ್ ಇದೆ, ಅಂದರೆ ಹೊರಗಿನಿಂದ ಪ್ರಚಾರಕ್ಕೆ ದುಡ್ಡು ಸುರಿಯುವ ಸಂಘಟನೆ. ಅಭ್ಯರ್ಥಿಯ ಖಾತೆಗೆ ಮಿತಿ ಇದೆ, ಇದಕ್ಕೆ ಇಲ್ಲ. 1 ಕೋಟಿ ಡಾಲರ್ ಆಗಲೇ ದಾಟಿದೆ. ಮೊನ್ನೆ ಮಾಜಿ ಮೇಯರ್ ಬ್ಲೂಮ್‌ಬರ್ಗ್ ಒಬ್ಬರೇ 50 ಲಕ್ಷ ಡಾಲರ್ ಕೊಟ್ಟರು. ಡೋರ್‌ಡ್ಯಾಶ್ ಕಂಪನಿ 10 ಲಕ್ಷ ಕೊಟ್ಟಿದೆ. ಮಳೆಯಲ್ಲಿ ನಿಮ್ಮ ಮನೆಗೆ ಊಟ ತರುವ ಹುಡುಗರ ಕೂಲಿ ಎಷ್ಟಿರಬೇಕು ಅನ್ನೋ ಕಾನೂನಿನ ಮೇಲೆ ಮುಂದಿನ ಮೇಯರ್‌ಗೆ ಹಿಡಿತ ಇರುತ್ತದೆ ಅನ್ನೋದನ್ನು ಮರೆಯಬೇಡಿ. ಟಿವಿ ಹಚ್ಚಿದರೆ, ಟಪಾಲು ಡಬ್ಬಿ ತೆಗೆದರೆ ಬರುವ ಜಾಹೀರಾತಿನಲ್ಲಿ ಹೆಚ್ಚಿನದು ಈ ದುಡ್ಡಿನದು.

ಆಂಡ್ರ್ಯೂ ಕ್ಯೂಮೋ ಹತ್ತು ವರ್ಷ ಗವರ್ನರ್ ಆಗಿದ್ದವರು, ಅವರ ತಂದೆ ಮಾರಿಯೋ ಕ್ಯೂಮೋ ಮೂರು ಅವಧಿ ಗವರ್ನರ್. ಅನುಭವ ಇದೆ, ಇಲ್ಲ ಅನ್ನೋದಿಲ್ಲ. ಆದರೆ 2021ರ ಆಗಸ್ಟ್‌ನಲ್ಲಿ ಅವರು ಯಾಕೆ ರಾಜೀನಾಮೆ ಕೊಟ್ಟರು? ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ವರದಿ 11 ಮಹಿಳೆಯರಿಗೆ ಅವರು ಲೈಂಗಿಕ ಕಿರುಕುಳ ಕೊಟ್ಟಿದ್ದಾರೆ ಅಂತ ಹೇಳಿತ್ತು. ಕ್ಯೂಮೋ ಅದನ್ನು ಒಪ್ಪಿಲ್ಲ. ಆಗ "ರಾಜೀನಾಮೆ ಕೊಡಿ" ಅಂದ ಪಕ್ಷದ ನಾಯಕರಲ್ಲಿ ಹಲವರು ಈಗ ಅವರ ಪಕ್ಕದಲ್ಲಿ ನಿಂತಿದ್ದಾರೆ. ಏನು ಬದಲಾಯಿತು? ವರದಿ ಬದಲಾಗಿಲ್ಲ. ಸಮೀಕ್ಷೆಯಲ್ಲಿ ಅವರು ಮುಂದೆ ಬಂದರು, ಅಷ್ಟೇ. ಹೆಣ್ಣುಮಗಳಾಗಿ ಇದನ್ನು ನುಂಗಿಕೊಳ್ಳೋಕೆ ನನಗಂತೂ ಆಗೋದಿಲ್ಲ.

ನಮ್ಮವರಲ್ಲಿ ಇನ್ನೊಂದು ಮಾತೂ ಓಡಾಡುತ್ತಿದೆ, ಮೆಲ್ಲಗೆ. ಅವರ ಹೆಸರು, ಧರ್ಮ. ಮೋದಿಯವರ ಬಗ್ಗೆ ಕಳೆದ ತಿಂಗಳು ಕಟುವಾಗಿ ಮಾತಾಡಿದ್ದು. ಆ ಮಾತಿಗೆ ಬೇಜಾರಾದವರ ಜೊತೆ ಜಗಳಕ್ಕೆ ಬರೋದಿಲ್ಲ. ಆದರೆ ನ್ಯೂಯಾರ್ಕ್ ಮೇಯರ್ ಭಾರತವನ್ನು ಆಳೋದಿಲ್ಲ. ನಿಮ್ಮ ಬಾಡಿಗೆ, ನಿಮ್ಮ ಮಗುವಿನ ಶಾಲೆ, ನಿಮ್ಮ ಬೀದಿಯ ಕಸ, ಇದು ಅವರ ಕೆಲಸ. ಇನ್ನು ಬರೀ ಮುಸ್ಲಿಂ ಅನ್ನೋ ಕಾರಣಕ್ಕೆ ಬೇಡ ಅನ್ನುವವರಿಗೆ ಒಂದೇ ಪ್ರಶ್ನೆ: ಇಲ್ಲಿ ನಮ್ಮ ಹೆಸರು, ನಮ್ಮ ಬಣ್ಣ ನೋಡಿ ಯಾರಾದರೂ ಹೀಗೇ ತೀರ್ಮಾನ ಮಾಡಿದರೆ ನಮಗೆ ಹೇಗನ್ನಿಸುತ್ತದೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಬಂದ ಫಾರ್ವರ್ಡನ್ನೆಲ್ಲ ಮುಂದೆ ತಳ್ಳಬೇಡಿ. ಅವರ ಚರ್ಚೆಗಳು ಯೂಟ್ಯೂಬಿನಲ್ಲಿವೆ, ಕೂತು ನೋಡಿ.

ವೋಟು ವೇಸ್ಟ್ ಅನ್ನುವವರಿಗೆ ಕೊನೆಯದಾಗಿ ಲೆಕ್ಕ. ಇಲ್ಲಿ ಐದು ಜನರನ್ನು ಕ್ರಮವಾಗಿ ಆರಿಸಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಗಳನ್ನು ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ನಿಮ್ಮ ಮೊದಲ ಆಯ್ಕೆ ಬಿದ್ದರೂ ಮತ ಸಾಯೋದಿಲ್ಲ. ಸಾಯೋದು ಯಾವಾಗ ಅಂದರೆ ಪಟ್ಟಿಯಲ್ಲಿ ಕೊನೆಗೆ ಉಳಿದ ಇಬ್ಬರಲ್ಲಿ ಯಾರನ್ನೂ ನೀವು ಬರೆದಿಲ್ಲದಾಗ. 2021ರಲ್ಲಿ ಆಡಮ್ಸ್ ಗೆದ್ದಿದ್ದು 7,197 ಮತದಿಂದ, ಆದರೆ ಕೊನೆಯ ಸುತ್ತಿಗೆ ಬರದೆ ಉಳಿದ ಮತಪತ್ರ ಸುಮಾರು 1 ಲಕ್ಷ 40 ಸಾವಿರ. ಅದಕ್ಕೇ ಐದೂ ತುಂಬಿ. ನಾನು ಮೊದಲು ಮಮ್ದಾನಿ, ಎರಡನೆಯದು ಬ್ರ್ಯಾಡ್ ಲ್ಯಾಂಡರ್ ಹಾಕಿದೆ. ಇಬ್ಬರೂ ಮೊನ್ನೆ ಶುಕ್ರವಾರ ಒಬ್ಬರನ್ನೊಬ್ಬರು ಬೆಂಬಲಿಸಿದ್ದಾರೆ. ಆಮೇಲೆ ಏಡ್ರಿಯನ್ ಆಡಮ್ಸ್ (ಮೇಯರ್ ಎರಿಕ್ ಆಡಮ್ಸ್ ಅಲ್ಲ), ಜೆಲ್‌ನಾರ್ ಮೈರಿ. ಕ್ಯೂಮೋ ಹೆಸರಿನ ಸಾಲನ್ನು ಪೂರ್ತಿ ಖಾಲಿ ಬಿಡಿ. ಐದನೆಯದಾಗಿಯೂ ಬೇಡ.

ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು, ಎಚ್1ಬಿ ಮೇಲೆ ಇರುವವರು ನಮ್ಮಲ್ಲಿ ಬಹಳ ಜನ. ಗ್ರೀನ್ ಕಾರ್ಡ್ ಇರುವವರಿಗೆ, ಕೆಲಸದ ಪರವಾನಗಿ ಇರುವವರಿಗೆ ನಗರದ ಚುನಾವಣೆಯಲ್ಲಿ ವೋಟು ಕೊಡೋ ಕಾನೂನನ್ನು ಸಿಟಿ ಕೌನ್ಸಿಲ್ 2021ರಲ್ಲಿ ಮಾಡಿತ್ತು. ಈ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ತೆಗೆದುಹಾಕಿತು. ತೆರಿಗೆ ಕಟ್ಟುವ, ಬಾಡಿಗೆ ಕಟ್ಟುವ ಅವರಿಗೆ ಮಾತಿಲ್ಲ. ನೀವು ವೋಟು ಹಾಕೋಕೆ ಆಗದಿದ್ದರೂ ಹಾಕಬಲ್ಲ ಒಬ್ಬರನ್ನಾದರೂ ಕರೆದುಕೊಂಡು ಹೋಗಿ.

24ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಸಮಯ ಇದೆ. ಮುಂಗಡ ಮತದಾನದ ಜಾಗ ನಿಮ್ಮ ಮಾಮೂಲಿ ಬೂತ್‌ಗಿಂತ ಬೇರೆ ಇರಬಹುದು, ನಗರದ ಚುನಾವಣಾ ಮಂಡಳಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ. ಅಪ್ಪ ಅಮ್ಮ ಸಿಟಿಜನ್ ಆಗಿದ್ದು, ಡೆಮಾಕ್ರಟ್ ಅಂತ ನೋಂದಣಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಮತಪತ್ರ ಹೇಗೆ ತುಂಬೋದು ಅಂತ ಮನೆಯಲ್ಲೇ ಹೇಳಿಕೊಡಿ. ಗೊಂದಲ ಇದ್ದರೆ ನನಗೆ ಮೆಸೇಜ್ ಮಾಡಿ, ಕನ್ನಡದಲ್ಲೇ ಹೇಳುತ್ತೇನೆ. ಬರುವ ಶನಿವಾರ ಮತ್ತೆ ವುಡ್‌ಸೈಡ್ ಕಡೆ ಹೋಗುತ್ತಿದ್ದೇವೆ, ಜೊತೆಗೆ ಬರೋರು ಕಾಮೆಂಟಿನಲ್ಲಿ ಹೇಳಿ.