ಗೂಳಿ ದನವಲ್ಲ, ಇಲಿ ಪ್ರಾಣಿಯಲ್ಲ

ಪ್ರಾಣಿಗಳಿಗೆ ಆತ್ಮ ಇದೆಯೇ ಎಂದು ಮನುಷ್ಯ ಸಾವಿರಾರು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾನೆ. ಉತ್ತರ ಸಿಕ್ಕಿಲ್ಲ ಎಂದುಕೊಳ್ಳಬೇಡಿ. ಯಾವತ್ತೋ ಸಿಕ್ಕಿದೆ. ತಿನ್ನುವಾಗ ಇಲ್ಲ, ಶಿಕ್ಷೆ ಕೊಡುವಾಗ ಇದೆ.

1386ರಲ್ಲಿ ಫ್ರಾನ್ಸಿನ ಫಾಲೇಸ್ ಎಂಬ ಊರಿನಲ್ಲಿ ಒಂದು ಹೆಣ್ಣು ಹಂದಿ ಮಗುವನ್ನು ಕಚ್ಚಿ ಕೊಂದಿತು. ಅಲ್ಲೇ ಹೊಡೆದು ಹಾಕಬಹುದಿತ್ತು. ಛೆ, ಹಾಗೆಲ್ಲ ಮಾಡಿದರೆ ನ್ಯಾಯ ಅಂತ ಒಂದಿದೆಯಲ್ಲ, ಅದರ ಗತಿ ಏನು? ತೀರ್ಪು ಕೊಟ್ಟು, ಕ್ರಮವಾಗಿ ಗಲ್ಲಿಗೇರಿಸಿದರು. ನೇಣು ಹಾಕಿದವನಿಗೆ ಕೂಲಿಯ ಜೊತೆ ಹೊಸ ಕೈಗವಸು ಕೊಟ್ಟ ಲೆಕ್ಕವೂ ದಾಖಲೆಯಲ್ಲಿದೆ. 1457ರಲ್ಲಿ ಸಾವಿನ್ಯಿ ಎಂಬಲ್ಲಿ ಇನ್ನೊಂದು ಹಂದಿಗೂ ಇದೇ ಪಾಡು. ಅದರ ಆರು ಮರಿಗಳ ಮೇಲೂ ಕೇಸು ಬಿತ್ತು. ಮೈಗೆ ರಕ್ತ ಮೆತ್ತಿತ್ತು ನಿಜ, ಆದರೆ ಕೊಲೆಯಲ್ಲಿ ಕೈವಾಡ ಸಾಬೀತಾಗಲಿಲ್ಲ. ಸಾಕ್ಷ್ಯದ ಕೊರತೆಯಿಂದ ಮರಿಗಳು ಪಾರಾದವು. 1474ರಲ್ಲಿ ಬಾಸೆಲ್ ನಗರದಲ್ಲಿ ಮೊಟ್ಟೆ ಇಟ್ಟ ಆರೋಪದ ಮೇಲೆ ಒಂದು ಹುಂಜವನ್ನು ಸುಟ್ಟರು. ಹೇಂಟೆ ಮೊಟ್ಟೆ ಇಟ್ಟರೆ ತಿಂಡಿ, ಹುಂಜ ಇಟ್ಟರೆ ಮಾಟ.

ಓಟನ್ ಪಟ್ಟಣದ ಇಲಿಗಳ ಪರ ವಾದಿಸಿದ ಶಾಸ್ನೇ ಎಂಬ ವಕೀಲನ ಕಥೆಯಂತೂ ಇನ್ನೂ ಸೊಗಸು. ಬಾರ್ಲಿ ತಿಂದ ಇಲಿಗಳಿಗೆ ಸಮನ್ಸ್ ಹೋಯಿತಂತೆ. ಅವು ಬರಲಿಲ್ಲ. ‘ದಾರಿಯುದ್ದಕ್ಕೂ ಬೆಕ್ಕುಗಳಿವೆ ಸ್ವಾಮಿ, ನನ್ನ ಕಕ್ಷಿದಾರರಿಗೆ ಪ್ರಾಣಭಯ’ ಎಂಬುದು ಅವನ ವಾದ. ಇವತ್ತಿನ ಯಾವ ಪ್ರಯೋಗಾಲಯದ ಇಲಿಗೂ ಇಷ್ಟು ಒಳ್ಳೆ ವಕೀಲ ಸಿಕ್ಕಿಲ್ಲ.

ಆಮೇಲೆ ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ ಬಂದ. ಪ್ರಾಣಿಗಳು ಗಡಿಯಾರದ ಹಾಗೆ ಬರೀ ಯಂತ್ರಗಳು, ಒಳಗೆ ಆತ್ಮ ಗೀತ್ಮ ಏನೂ ಇಲ್ಲ ಎಂದು 1637ರಲ್ಲಿ ಬರೆದ. ಹಾಗಾದರೆ ಫಾಲೇಸಿನಲ್ಲಿ ನೇಣಿಗೆ ಹಾಕಿದ್ದು ಒಂದು ಗಡಿಯಾರವನ್ನೇ? ಆ ಕೈಗವಸಿನ ದುಡ್ಡನ್ನು ಯಾರೂ ವಾಪಸ್ ಕೇಳಲಿಲ್ಲ.

ಇಷ್ಟು ಕಟುವಾಗಿ ಹೇಳಲು ಮನಸ್ಸಾಗದವರು ನಡುವಿನ ದಾರಿ ಹಿಡಿದರು. ಪ್ರಾಣಿಗಳನ್ನು ಹಿಂಸಿಸಬೇಡಿ, ಅದು ಚಾಳಿಯಾದರೆ ನಾಳೆ ಮನುಷ್ಯರನ್ನೂ ಹಿಂಸಿಸುತ್ತೀರಿ ಎಂದು ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಡೆಕಾರ್ಟ್‌ಗಿಂತ ಮೊದಲೇ, 13ನೇ ಶತಮಾನದಲ್ಲೇ ಹೇಳಿದ್ದ. ಡೆಕಾರ್ಟ್ ಆದಮೇಲೆ ಬಂದ ಜರ್ಮನ್ ತತ್ವಜ್ಞಾನಿ ಕಾಂಟ್ ಕೂಡ ಸುಮಾರಾಗಿ ಇದನ್ನೇ ಹೇಳಿದ. ಅಂದರೆ ಒದೆ ತಿನ್ನುವುದು ನಾಯಿ, ಕನಿಕರ ಸಿಗುವುದು ಪಕ್ಕದ ಮನೆಯವನಿಗೆ.

ಧರ್ಮಗ್ರಂಥಗಳು ಅಸ್ಪಷ್ಟವಾಗಿವೆ, ಅದಕ್ಕೇ ಈ ಗೊಂದಲ ಎನ್ನುವವರಿದ್ದಾರೆ. ಸುಮ್ನೆ ನೆಪ. ನೀನು ಉಣ್ಣುವ ಮುಂಚೆ ನಿನ್ನ ದನಕರುಗಳಿಗೆ ಮೇವು ಹಾಕು ಎನ್ನುತ್ತದೆ ಯೆಹೂದಿಗಳ ತಾಲ್ಮುದ್. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ನರಕಕ್ಕೆ ಹೋದಳು, ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದವನ ಪಾಪ ಕಳೆಯಿತು ಎನ್ನುತ್ತವೆ ಮುಸ್ಲಿಮರ ಹದೀಸ್‌ಗಳು. ಜೈನರು ಕಣ್ಣಿಗೆ ಕಾಣದ ಜೀವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇನ್ನೆಷ್ಟು ಬಿಡಿಸಿ ಹೇಳಬೇಕು? ಮಾತೇನೋ ನೇರವಾಗಿದೆ. ಕೆಲಸ ಶುರುವಾಗುವುದು ವ್ಯಾಖ್ಯಾನಕಾರರು ಬಂದ ಮೇಲೆ.

ಕೆನಡಾದ ಕ್ವಿಬೆಕ್‌ನಲ್ಲಿ 17ನೇ ಶತಮಾನದಲ್ಲಿ ಬೀವರ್ ಎಂಬ ಪ್ರಾಣಿಯನ್ನು ಕ್ಯಾಥೊಲಿಕ್ ಚರ್ಚಿನವರು ಮೀನು ಎಂದು ಒಪ್ಪಿಕೊಂಡರು. ತುಪ್ಪಳ ಇದೆ, ಮರಿಗೆ ಹಾಲೂಡಿಸುತ್ತದೆ, ಹಲ್ಲಿನಿಂದ ಮರ ಕಡಿಯುತ್ತದೆ. ಆದರೇನು, ಈಜುತ್ತದಲ್ಲ! ಮಾಂಸ ನಿಷಿದ್ಧವಾದ ಉಪವಾಸದ ದಿನಗಳಲ್ಲಿ ಅದು ಮೀನಾಗಿರುವುದೇ ಎಲ್ಲರಿಗೂ ಅನುಕೂಲ. ವೆನೆಜುವೆಲಾದಲ್ಲಿ ಕ್ಯಾಪಿಬಾರಾ ಎಂಬ ಈಜುವ ದೊಡ್ಡ ದಂಶಕ ಪ್ರಾಣಿಗೂ ಇದೇ ಭಡ್ತಿ ಸಿಕ್ಕಿತು. ಬಾರ್ನಕಲ್ ಬಾತು ಎಂಬ ಹಕ್ಕಿ ಸಮುದ್ರದಲ್ಲಿ ತೇಲುವ ಮರದ ತುಂಡಿನಿಂದ ಹುಟ್ಟುತ್ತದೆ, ಹಾಗಾಗಿ ಅದು ಮಾಂಸವೇ ಅಲ್ಲ ಎಂದು ಕೆಲವು ಪಾದ್ರಿಗಳು ಉಪವಾಸದಲ್ಲಿ ತಿನ್ನುತ್ತಿದ್ದುದನ್ನು ವೇಲ್ಸಿನ ಜೆರಾಲ್ಡ್ 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ದೇವರ ಕಣ್ಣಿಗೆ ಮಣ್ಣೆರಚುವುದಕ್ಕೆ ಒಳ್ಳೆಯ ಜೀವಶಾಸ್ತ್ರಜ್ಞ ಬೇಕು. ಸಿಗದಿದ್ದರೆ ಒಳ್ಳೆಯ ಅಡುಗೆಭಟ್ಟ ಸಾಕು.

ಇದೆಲ್ಲ ಧರ್ಮದವರ ಕಣ್ಕಟ್ಟು, ನಾವು ಕಾನೂನಿನವರು ಹಾಗಲ್ಲ ಎಂದು ನಗುತ್ತಿದ್ದೀರಾ? ನಿಲ್ಲಿ. 1822ರಲ್ಲಿ ಬ್ರಿಟನ್ ದನ, ಕುದುರೆ, ಕುರಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಕಾನೂನು ತಂದಿತು. ಆಗ ಗೂಳಿಯನ್ನು ಕಟ್ಟಿಹಾಕಿ ಅದರ ಮೇಲೆ ನಾಯಿಗಳನ್ನು ಛೂ ಬಿಡುವುದು ಜನರ ಮೆಚ್ಚಿನ ಆಟ. ಆಟ ನಿಂತಿತೇ? ಇಲ್ಲ. ಕಾನೂನಿನಲ್ಲಿ ಹಸು ಇದೆ, ಎತ್ತು ಇದೆ, ಕಡಸು ಇದೆ, ಗೂಳಿಯ ಹೆಸರಿಲ್ಲ, ಆದ್ದರಿಂದ ಗೂಳಿ ಇದರಡಿ ಬರುವುದಿಲ್ಲ ಎಂದಿತು ಕೋರ್ಟು. ಗೂಳಿ ದನವಾಗಲು 1835ರವರೆಗೆ ಕಾಯಬೇಕಾಯಿತು.

ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಗೆ 2002ರಲ್ಲಿ ಒಂದು ತಿದ್ದುಪಡಿ ಬಂತು. ಅದರ ಪ್ರಕಾರ ಸಂಶೋಧನೆಗೆಂದೇ ಸಾಕಿದ ಇಲಿ, ಸುಂಡಿಲಿ, ಹಕ್ಕಿಗಳು ‘ಪ್ರಾಣಿ’ಗಳಲ್ಲ. ಪ್ರಯೋಗಾಲಯಗಳಲ್ಲಿ ಜಾಸ್ತಿ ಇರುವುದೇ ಅವು, ನೆನಪಿರಲಿ. ಕಸಾಯಿಖಾನೆಯಲ್ಲಿ ನೋವಾಗದಂತೆ ಕೊಲ್ಲಬೇಕೆಂಬ 1958ರ ಕಾನೂನೂ ಅದೇ ದೇಶದ್ದು. ಅದರಲ್ಲಿ ಕೋಳಿಗೆ ಜಾಗವಿಲ್ಲ. ಅಷ್ಟು ಕೋಟಿ ಕೋಳಿಗಳಿಗೆ ಕನಿಕರ ತೋರಿಸಲು ಯಾರಿಗೆ ಪುರುಸೊತ್ತು?

ಇನ್ನೊಬ್ಬರ ಚಾಕು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತದೆ. ಸ್ವಿಟ್ಜರ್‌ಲೆಂಡಿನ ಜನ 1893ರಲ್ಲಿ ಮತ ಹಾಕಿ, ಪ್ರಜ್ಞೆ ತಪ್ಪಿಸದೆ ಪ್ರಾಣಿ ಕೊಯ್ಯುವುದನ್ನು ನಿಷೇಧಿಸಿದರು. ದನದ ಮೇಲೆ ಪ್ರೀತಿ ಇತ್ತೋ ಏನೋ, ಪ್ರಚಾರದಲ್ಲಿ ಯೆಹೂದಿಗಳ ಮೇಲಿನ ದ್ವೇಷವಂತೂ ಧಾರಾಳವಾಗಿತ್ತು. ಅದೇ ದೇಶದಲ್ಲಿ ಬಾತುಕೋಳಿಯ ಗಂಟಲಿಗೆ ಕೊಳವೆ ತುರುಕಿ ಮೇವು ತುಂಬುವುದಕ್ಕೂ ನಿಷೇಧವಿದೆ. ಹಾಗೆ ತುಂಬಿ ಕೊಬ್ಬಿಸಿದ ಲಿವರನ್ನು ಹೊರದೇಶದಿಂದ ತರಿಸಿ ತಿನ್ನಲು ಅಡ್ಡಿಯಿಲ್ಲ. ಗಡಿ ದಾಟಿದರೆ ಪಾಪವೂ ಆಮದು ಸರಕು.

ದಯೆ ಅತಿಯಾದರೂ ಕಷ್ಟವೇ. ಜಪಾನನ್ನು ಆಳುತ್ತಿದ್ದ ಶೋಗನ್, ಅಂದರೆ ಸೇನಾಧಿಪತಿ, ತೊಕುಗಾವ ತ್ಸುನಯೋಶಿ 17ನೇ ಶತಮಾನದ ಕೊನೆಯಲ್ಲಿ ನಾಯಿಗಳ ಮೇಲೆ ಕರುಣೆ ತೋರಲೇಬೇಕೆಂದು ಹುಕುಂ ಹೊರಡಿಸಿದ. ನಾಯಿಗೆ ಏಟು ಬಿದ್ದರೆ ಮನುಷ್ಯನಿಗೆ ಶಿಕ್ಷೆ. ನಾಯಿಗಳ ಊಟಕ್ಕೆ ಜನರ ತೆರಿಗೆ. 1709ರಲ್ಲಿ ಅವನು ಸತ್ತದ್ದೇ ತಡ, ಕರುಣೆಯೂ ರದ್ದಾಯಿತು.

ಈ ಸಾಲಿನಲ್ಲಿ ಅಶೋಕನೊಬ್ಬ ನನಗೆ ಇಷ್ಟ. ಮೊದಲು ಅರಮನೆಯ ಅಡುಗೆಗೆ ದಿನಾ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಮೂರೇ, ಎರಡು ನವಿಲು ಮತ್ತು ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವೂ ಇಲ್ಲ ಎಂದು ಬಂಡೆಯ ಮೇಲೆ ಕೆತ್ತಿಸಿದ. ನವಿಲನ್ನು ಮೀನು ಎನ್ನಲಿಲ್ಲ ಪುಣ್ಯಾತ್ಮ. ಅವನಿಗೆ ಒಳ್ಳೆಯ ಸಲಹೆಗಾರರು ಇರಲಿಲ್ಲವೆಂದು ಕಾಣುತ್ತದೆ.

ಈಗಿನವರಿಗೆ ಇದ್ದಾರೆ. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದಲ್ಲಿ ಪ್ರಾಣಿಗಳಿಗೂ ಅನುಭವವಿದೆ, ಅವುಗಳ ಹಿತ ನೋಡಬೇಕು ಎಂದು ಯುರೋಪಿಯನ್ ಒಕ್ಕೂಟ ಒಪ್ಪಿಕೊಂಡಿದೆ. ಧಾರ್ಮಿಕ ಆಚರಣೆ, ಸಂಸ್ಕೃತಿ, ಪ್ರಾದೇಶಿಕ ಪರಂಪರೆಗಳಿಗೆ ಗೌರವ ಕೊಟ್ಟುಕೊಂಡು ಎಂಬ ಮಾತೂ ಅದೇ ವಾಕ್ಯದಲ್ಲಿದೆ. ಏಡಿಗೂ ಅನುಭವವಿದೆ ಎಂದು 2022ರಲ್ಲಿ ಬ್ರಿಟನ್ ಕಾನೂನು ಮಾಡಿತು. ಅದನ್ನು ಜೀವಂತ ಕುದಿಸಬೇಡಿ ಎಂದು ಆ ಕಾನೂನು ಹೇಳಲಿಲ್ಲ. ಒಂದು ಸಮಿತಿ ಮಾಡಿತು.

ಅದೇ 2022ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟೊಂದು ಬಂಬಲ್‌ಬೀ ಎಂಬ ದುಂಬಿಯನ್ನು ಕಾನೂನಿನ ಲೆಕ್ಕಕ್ಕೆ ‘ಮೀನು’ ಎಂದು ಪರಿಗಣಿಸಬಹುದು ಎಂದಿತು. ಅಳಿವಿನಂಚಿನ ಜೀವಿಗಳ ಪಟ್ಟಿಗೆ ಅದನ್ನು ಸೇರಿಸಿ ಕಾಪಾಡಲು ಇದೊಂದೇ ದಾರಿ ಉಳಿದಿತ್ತು. ದುಂಬಿಗಳಿಗೆ ಅಭಿನಂದನೆಗಳು. ಈ ಸುದ್ದಿಯನ್ನು ದಯವಿಟ್ಟು ಬೀವರ್‌ಗಳಿಗೆ ಯಾರೂ ಹೇಳಬೇಡಿ.