ಸ್ಮಿತ್ ಅಂದರೆ ಕಮ್ಮಾರ, ಯೋಧನಲ್ಲ

‘ಸ್ಮಿತ್ ಅನ್ನೋ ಇಂಗ್ಲಿಷ್ ಕುಲನಾಮ ಹೊಡೆಯುವುದು ಎಂಬ ಅರ್ಥದ ಸ್ಮೈಟ್‌ನಿಂದ ಬಂತು, ಆ ಹೆಸರಿನವರ ಪೂರ್ವಜರು ಯೋಧರು, ಅವರೆಲ್ಲ ಒಂದೇ ವಂಶ, ಎಲ್ಲರಿಗೂ ಒಂದೇ ಮನೆತನದ ಲಾಂಛನ (ಕೋಟ್ ಆಫ್ ಆರ್ಮ್ಸ್)’ ಎಂಬ ಪೋಸ್ಟ್ ಓಡಾಡುತ್ತಿದೆ. ಇದು ತಪ್ಪು.

ಹಳೆಯ ಇಂಗ್ಲಿಷಿನಲ್ಲೇ ಸ್ಮಿತ್ ಅಂದರೆ ಲೋಹದ ಕೆಲಸಗಾರ. ಜರ್ಮನಿಯ ಶ್ಮಿಟ್, ಡಚ್ಚರ ಸ್ಮಿಟ್ ಇದರ ಒಡಹುಟ್ಟುಗಳು. ನೇಗಿಲು, ಲಾಳ, ಬೀಗ ಎಲ್ಲಕ್ಕೂ ಪ್ರತಿ ಊರಿಗೂ ಕಮ್ಮಾರ ಬೇಕಿತ್ತು, ಅಲ್ವಾ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಕುಲನಾಮ ಇಟ್ಟುಕೊಳ್ಳುವ ರೂಢಿ ನಿಧಾನವಾಗಿ ಹರಡಿತು, ಸುಮಾರು 1400ರ ಹೊತ್ತಿಗೆ ಅಲ್ಲಿನ ಬಹುತೇಕ ಮನೆಗಳಲ್ಲಿ ಅದು ಅಪ್ಪನಿಂದ ಮಗನಿಗೆ ಬರುವ ಹೆಸರಾಗಿ ನಿಂತಿತು, ಹಾಗಾಗಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ನೂರಾರು ಊರುಗಳ ಕಮ್ಮಾರರ ಮಕ್ಕಳು ತಂತಮ್ಮ ಪಾಡಿಗೆ ಸ್ಮಿತ್ ಆದರು. ಇಂಗ್ಲೆಂಡಿನಲ್ಲಿ ಈ ಹೆಸರು ಎಲ್ಲಕ್ಕಿಂತ ಜಾಸ್ತಿ ಇರುವುದು ಅದಕ್ಕೇ.

ಸ್ಮೈತ್ ಅಂತ ಬರೆದರೆ ದೊಡ್ಡ ಮನೆತನ ಅನ್ನುವುದೂ ಸುಮ್ನೆ ಮಾತು. ಆಗ ಕಾಗುಣಿತವೇ ಗಟ್ಟಿಯಾಗಿರಲಿಲ್ಲ.

ಇನ್ನು ಲಾಂಛನ. ಇಂಥ ಲಾಂಛನಗಳನ್ನು ಕೊಡುವ, ದಾಖಲಿಸುವ ಸಂಸ್ಥೆಯಾದ, 1484ರಲ್ಲಿ ಶುರುವಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಕುಲನಾಮಕ್ಕೆ ಅಂತ ಲಾಂಛನ ಇರುವುದಿಲ್ಲ. ಅದು ಒಬ್ಬ ವ್ಯಕ್ತಿಗೆ ಸಿಗುತ್ತದೆ, ಅವನ ನೇರ ಗಂಡುಸಂತತಿಗೆ ಇಳಿಯುತ್ತದೆ. ‘ನಿಮ್ಮ ಕುಲದ ಲಾಂಛನ’ ಅಂತ ಮಗ್ಗು, ಫ್ರೇಮು ಮಾರುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಕಬ್ಬಿಣ ಬಡಿದು ಊರನ್ನೇ ನಡೆಸಿದವರ ಹೆಸರಿಗೆ ಕತ್ತಿ ಹಿಡಿಸುವ ಅಗತ್ಯ ಏನಿದೆ?