ಕೋಡ್ ಉಳಿದರೆ ಸಾಲದು

‘ಕೋಡನ್ನು ಹೋಸ್ಟಿಂಗ್ ಸೇವೆಗೆ ಪುಶ್ ಮಾಡಿದ ಮೇಲೆ ಪ್ರತ್ಯೇಕ ಬ್ಯಾಕಪ್ ಬೇಕಿಲ್ಲ’, ಅಂದರೆ ಕೋಡ್ ಇರಿಸುವ ಆನ್‌ಲೈನ್ ತಾಣಕ್ಕೆ ಅದನ್ನು ಕಳುಹಿಸಿದರೆ ಸಾಕು, ಎಂದು ಲೇಖಕರು ತಮ್ಮ ಲೇಖನದಲ್ಲಿ ಹೇಳಿದ ಮಾತನ್ನು ನಾನು ಒಪ್ಪಲಾರೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶದಲ್ಲಿ ಮಾಡಿದ ಪ್ರತಿಯೊಂದು ಪೂರ್ಣ ಕ್ಲೋನ್‌ನಲ್ಲೂ (ನಕಲಿನಲ್ಲೂ) ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಇತಿಹಾಸ ಇರುತ್ತದೆ ಎಂಬುದು ನಿಜ. ಆದರೆ ಇಶ್ಯೂಗಳು (ದೋಷ, ಬೇಡಿಕೆಗಳ ಕುರಿತು ಸಂಖ್ಯೆ ಹಾಕಿದ ದಾಖಲೆಗಳು), ಕೋಡ್ ಪರಿಶೀಲನೆಯ ಚರ್ಚೆಗಳು ಇರುವುದು ಸೇವೆಯ ಡೇಟಾಬೇಸ್‌ನಲ್ಲಿ, ಗಿಟ್‌ನಲ್ಲಲ್ಲ. ನಮ್ಮ ತಂಡದ ಖಾತೆಯನ್ನು ಒಂದು ಸೇವೆ ಕಾರಣ ತಿಳಿಸದೆ ಎರಡು ದಿನ ತಡೆಹಿಡಿದಾಗ ಕೋಡ್ ಎಲ್ಲರ ಲ್ಯಾಪ್‌ಟಾಪ್‌ಗಳಲ್ಲೂ ಸುರಕ್ಷಿತವಾಗಿತ್ತು. ಆದರೆ ಮೊತ್ತವನ್ನು ಒಂದೇ ಒಂದು ಕಡೆ ಕೆಳಮುಖವಾಗಿ ಪೂರ್ಣಾಂಕಕ್ಕೆ ಇಳಿಸುವ ಕೋಡ್ ಸಾಲನ್ನು ಏಕೆ ಬರೆಯಲಾಗಿತ್ತು ಎಂದು ಹುಡುಕಿದರೆ, ಕಮಿಟ್ ಸಂದೇಶದಲ್ಲಿ ಸಿಕ್ಕಿದ್ದು ‘412ನೇ ಇಶ್ಯೂ ನೋಡಿ’ ಎಂಬಷ್ಟೇ. ಆ ಇಶ್ಯೂ ನಮ್ಮ ಕೈಗೆ ಸಿಗುವಂತಿರಲಿಲ್ಲ.

ದೊಡ್ಡ ಸೇವೆಗಳು ಬ್ಯಾಕಪ್ ಇಟ್ಟೇ ಇರುತ್ತವೆ ಎಂಬ ಭರವಸೆಯೂ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೋಸ್ಟಿಂಗ್ ಸೇವೆಯ ಮುಖ್ಯ ಡೇಟಾಬೇಸ್ ತಪ್ಪಾಗಿ ಅಳಿಸಿಹೋದಾಗ ಸುಮಾರು 6 ಗಂಟೆಗಳ ಇಶ್ಯೂ, ಕಾಮೆಂಟ್‌ಗಳು ನಷ್ಟವಾದವು, ಕೋಡ್ ರೆಪಾಸಿಟರಿಗಳು (ಕೋಡ್ ಸಂಗ್ರಹಗಳು) ಮಾತ್ರ ಉಳಿದವು. ನಿತ್ಯದ ಬ್ಯಾಕಪ್ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಆವೃತ್ತಿಗಳು ಹೊಂದದೆ ವಿಫಲವಾಗುತ್ತಿತ್ತು, ಅದನ್ನು ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಈ ಸಂಗತಿಗಳನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಆ ಸಂಸ್ಥೆಯನ್ನು ಮೆಚ್ಚಲೇಬೇಕು. ಈಗ ನಾವು ಪ್ರತಿ ರಾತ್ರಿ ಮಿರರ್ ಕ್ಲೋನ್ (ಇಡೀ ರೆಪಾಸಿಟರಿಯ ಯಥಾವತ್ ನಕಲು) ಜೊತೆಗೆ ಇಶ್ಯೂಗಳನ್ನೂ ಎಪಿಐ (ಸೇವೆಯಿಂದ ಪ್ರೋಗ್ರಾಂ ಡೇಟಾ ಪಡೆಯುವ ಮಾರ್ಗ) ಮೂಲಕ ಇಳಿಸಿಕೊಳ್ಳುತ್ತೇವೆ, ಮತ್ತು ಕಮಿಟ್ ಸಂದೇಶದಲ್ಲಿ ಸಂಖ್ಯೆಯ ಜೊತೆ ಕಾರಣವನ್ನೂ ಒಂದು ಪೂರ್ಣ ವಾಕ್ಯದಲ್ಲಿ ಬರೆಯುತ್ತೇವೆ.